ಮೋಟಾರು ಕಾರಿನ ಆಯಿಲ್ ಫಿಲ್ಟರ್: ರಚನೆ, ಕಟ್ಟು ಮತ್ತು ವಿಲೇವಾರಿ

ಶಾಸನ, ತಾಳೆಯೋಲೆ, ನಾಣ್ಯಗಳನ್ನು ಆಕರಗಳನ್ನಾಗಿ ಇಟ್ಟುಕೊಂಡು ವ್ಯಾಸಂಗ ನಡೆಸುವ ನಮ್ಮಂಥವರು ಕಾರಿನ ಆಯಿಲ್ ಫಿಲ್ಟರನ್ನು ಕುರಿತು ಬರೆಯಹೊರಟಿರುವುದು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಆದರೆ ನಿತ್ಯೋಪಯೋಗದ ವಸ್ತುಗಳೂ ತಮ್ಮ ಕಾಲದ ದಾಖಲೆಗಳೇ ಸರಿ. ಒಂದು ವಸ್ತುವನ್ನು ಎಸೆಯುವಾಗ ಎದುರಾಗುವ ತೊಡಕು ಅದನ್ನು ರೂಪಿಸಿದ ದಿನವೇ ಹುಟ್ಟಿರುತ್ತದೆ ಎಂಬುದನ್ನು ಅಂಗೈಯಲ್ಲಿ ಹಿಡಿಸುವ ಈ ತಗಡಿನ ಡಬ್ಬಿಯಷ್ಟು ಸ್ಪಷ್ಟವಾಗಿ ತೋರಿಸಿಕೊಡುವ ವಸ್ತುಗಳು ವಿರಳ.

ಎಂಜಿನ್ನಿನೊಳಗೆ ಸುತ್ತುವ ಎಣ್ಣೆಯಲ್ಲಿ ಲೋಹದ ಸವೆತದ ಪುಡಿ, ಇಂಧನ ಉರಿದುಳಿದ ಮಸಿ, ಹೊರಗಿನ ಧೂಳು ಇವು ಸೇರುತ್ತಲೇ ಇರುವುವು. ಮೊದಲ ಕಾಲದ ಕಾರುಗಳಲ್ಲಿ ಇವನ್ನು ತಡೆಯಲು ತಂತಿಯ ಜಾಲರಿಗಿಂತ ಮಿಗಿಲಾದ ಏರ್ಪಾಟು ಇರಲಿಲ್ಲ. ಎಣ್ಣೆಯನ್ನೇ ಮೇಲಿಂದ ಮೇಲೆ ಬದಲಾಯಿಸಬೇಕಾಗಿತ್ತು. ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ ಎಂಬಿಬ್ಬರು 1923ರಲ್ಲಿ ಕಾರಿನ ಎಣ್ಣೆಯನ್ನು ಸೋಸುವ ಸಾಧನವೊಂದನ್ನು ರೂಪಿಸಿದರು. ‘ಪ್ಯೂರ್ ಆಯಿಲ್ ಲೇಟರ್’ ಎಂಬ ಮೂರು ಮಾತುಗಳನ್ನು ಕೂಡಿಸಿ ಅದಕ್ಕೆ ‘ಪ್ಯೂರೊಲೇಟರ್’ ಎಂದು ಹೆಸರಿಟ್ಟರು. 1924ರ ಕ್ರೈಸ್ಲರ್ ಕಾರಿನಲ್ಲಿ ಅದು ಬಳಕೆಗೆ ಬಂದಿತು. ಆ ಕಾಲದ ಫಿಲ್ಟರುಗಳ ಮೂಲಕ ಒಂದು ಸುತ್ತಿನಲ್ಲಿ ಎಣ್ಣೆಯ ಅಲ್ಪಭಾಗ ಮಾತ್ರ ಹಾಯುತ್ತಿತ್ತು. ಎಲ್ಲ ಎಣ್ಣೆಯೂ ಸೋಸಿಯೇ ಮುಂದೆ ಹೋಗುವ ಪದ್ಧತಿ ತರುವಾಯ ನೆಲೆಗೊಂಡಿತು.

ಆಮೇಲಿನ ಅನೇಕ ಕಾರುಗಳಲ್ಲಿ ಫಿಲ್ಟರಿನ ಲೋಹದ ಬಟ್ಟಲು ಎಂಜಿನ್ನಿನ ಅಂಗವಾಗಿಯೇ ಉಳಿಯುತ್ತಿತ್ತು. ಒಳಗಿನ ತಿರುಳನ್ನಷ್ಟೇ ತೆಗೆದು ಹೊಸದನ್ನು ಇಡಬೇಕಾಗಿತ್ತು. ಬಟ್ಟಲನ್ನು ಬಿಚ್ಚುವುದು, ತೊಳೆಯುವುದು, ರಬ್ಬರಿನ ಬಳೆಯನ್ನು ಸರಿಯಾಗಿ ಕೂರಿಸುವುದು ಇವೆಲ್ಲ ಕೈ ಹೊಲಸಾಗುವ ಕೆಲಸ. ಬಳೆ ಸ್ವಲ್ಪ ಓರೆಯಾದರೂ ಎಣ್ಣೆ ಸೋರುವುದು. ಈ ಕಷ್ಟವನ್ನು ನಿವಾರಿಸಲು 1954ರಲ್ಲಿ ಅಮೆರಿಕದ ವಿಕ್ಸ್ ಸಂಸ್ಥೆಯು ಬಟ್ಟಲು, ತಿರುಳು, ಕವಾಟ ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಮುಚ್ಚಿ, ತಿರುಗಿಸಿ ಕೂರಿಸುವ ಫಿಲ್ಟರನ್ನು ಹೊರತಂದಿತು. ಮೆಕ್ಯಾನಿಕ್ಕನಿಗೆ ಇದರಿಂದಾದ ಉಪಕಾರ ನಿಜವಾದುದು. ಆದರೆ ಅಲ್ಲಿಂದ ಮುಂದೆ, ಕೊಳೆಯಾದ ಕಾಗದವೊಂದರ ಸಲುವಾಗಿ ಕೆಡದೆ ಇರುವ ಉಕ್ಕು, ಸ್ಪ್ರಿಂಗು, ರಬ್ಬರು ಎಲ್ಲವೂ ಪ್ರತಿಸಲವೂ ಹೊರಗೆ ಬೀಳತೊಡಗಿದವು.

ಹಳೆಯ ಫಿಲ್ಟರೊಂದನ್ನು ವರ್ಕ್‌ಶಾಪಿನಿಂದ ತಂದು ನಾವು ಕೊಯ್ಯಿಸಿ ನೋಡಿದೆವು. ತಿರುಪಿರುವ ಕಡೆ ದಪ್ಪನೆಯ ಉಕ್ಕಿನ ಬಿಲ್ಲೆ. ಅದರ ನಡುವೆ ದೊಡ್ಡ ರಂಧ್ರ, ಸುತ್ತಲೂ ಸಣ್ಣ ರಂಧ್ರಗಳ ಸಾಲು. ಎಣ್ಣೆಯು ಸಣ್ಣ ರಂಧ್ರಗಳಿಂದ ಒಳಹೊಕ್ಕು, ಕಾಗದದ ಹೊರಮೈಯಿಂದ ಒಳಕ್ಕೆ ಹಾದು, ತೂತುಗಳುಳ್ಳ ನಡುಕೊಳವೆಯನ್ನು ಸೇರಿ, ದೊಡ್ಡ ರಂಧ್ರದ ಮೂಲಕ ಎಂಜಿನ್ನಿಗೆ ಮರಳುವುದು. ಕಾಗದಕ್ಕೆ ರಾಳವನ್ನು ಉಣಿಸಿ ಗಡುಸು ಮಾಡಿರುತ್ತಾರೆ. ನಮ್ಮ ಫಿಲ್ಟರಿನ ಮಡಿಕೆಗಳನ್ನು ಬಿಡಿಸಿ ಹರಡಿದಾಗ ಕಾಗದವು ಒಂದು ಮೀಟರಿಗೂ ಹೆಚ್ಚು ಉದ್ದವಾಯಿತು. ಕವಾಟಗಳು ಎರಡು. ಕಾಗದ ಕಟ್ಟಿಕೊಂಡಾಗ, ಅಥವಾ ಚಳಿಗೆ ಎಣ್ಣೆ ಮಂದವಾದಾಗ, ಒಂದು ಕವಾಟ ತೆರೆದು ಸೋಸದ ಎಣ್ಣೆಯನ್ನೇ ಮುಂದಕ್ಕೆ ಬಿಡುತ್ತದೆ. ಎಣ್ಣೆಯೇ ಇಲ್ಲದಿರುವುದಕ್ಕಿಂತ ಕೊಳೆ ಎಣ್ಣೆಯೇ ಎಂಜಿನ್ನಿಗೆ ಲೇಸು. ಇನ್ನೊಂದು ರಬ್ಬರಿನ ತೆಳುವಾದ ಪರದೆ. ಎಂಜಿನ್ ನಿಂತಾಗ ಡಬ್ಬಿಯೊಳಗಿನ ಎಣ್ಣೆ ಹಿಂದಕ್ಕೆ ಇಳಿಯದಂತೆ ಅದು ತಡೆಯುತ್ತದೆ. ಈ ಪರದೆಯನ್ನು ವಾಚಕರು ನೆನಪಿಟ್ಟುಕೊಳ್ಳಬೇಕು.

ಇನ್ನು ಕಟ್ಟಿನ ವಿಚಾರ. ರಟ್ಟಿನ ಪೆಟ್ಟಿಗೆ, ಅದರ ಮೇಲೆ ಫಿಲ್ಟರಿನ ಸಂಖ್ಯೆ, ಬಾಯಿಗೆ ಧೂಳು ಬೀಳದಂತೆ ಪ್ಲಾಸ್ಟಿಕ್ ಹೊದಿಕೆ, ಡಬ್ಬಿಯ ಮೈಮೇಲೆ ಅಳವಡಿಸುವ ಕ್ರಮ ಇಷ್ಟೇ. ಬಿಚ್ಚಬಹುದಾದ ಫಿಲ್ಟರಿನ ತಿರುಳನ್ನು ಕೊಳ್ಳುವವನು ಕಣ್ಣಾರೆ ಪರೀಕ್ಷಿಸಬಹುದಾಗಿತ್ತು. ಮುಚ್ಚಿದ ಡಬ್ಬಿಯಲ್ಲಿ ಆ ಅವಕಾಶವಿಲ್ಲ. ಅವನು ಪೆಟ್ಟಿಗೆಯ ಮೇಲಿನ ಅಚ್ಚನ್ನೇ ನಂಬಬೇಕು. ನಕಲಿ ಮಾಡುವವರಿಗೆ ಪೆಟ್ಟಿಗೆಯನ್ನು ಅನುಕರಿಸಿದರೆ ಸಾಕಾಗುವುದೂ ಇದರಿಂದಲೇ. ಒಳಗೆ ಕಾಗದ ಕಡಮೆಯಿದ್ದರೂ ಕವಾಟ ದುರ್ಬಲವಾಗಿದ್ದರೂ ಅದು ತಿಳಿಯುವುದು ಎಂಜಿನ್ ಕೆಟ್ಟಮೇಲೆ!

ವಿಲೇವಾರಿಯ ಪ್ರಶ್ನೆ ಇವೆರಡಕ್ಕಿಂತ ಗಹನವಾದುದು. ತೆಗೆದ ಫಿಲ್ಟರನ್ನು ಬೋರಲು ಹಾಕಿದರೆ ಎಣ್ಣೆಯೆಲ್ಲ ಬಸಿದುಹೋಗುವುದೆಂದು ನಾವೂ ಭಾವಿಸಿದ್ದೆವು. ನಮ್ಮ ಫಿಲ್ಟರನ್ನು ಮೂರು ದಿನ ಹಾಗೆಯೇ ಇಟ್ಟಿದ್ದರೂ, ಕೊಯ್ಯುವುದಕ್ಕೆ ಮುಂಚೆ ಅದರ ತಲೆಗೆ ಮೊಳೆಯಿಂದ ತೂತು ಹೊಡೆದಾಗ ಮತ್ತೆ ಅರ್ಧ ಲೋಟದಷ್ಟು ಕರಿಯ ಎಣ್ಣೆ ಇಳಿಯಿತು. ಎಂಜಿನ್ನಿಗೆ ಉಪಕಾರಿಯಾದ ಅದೇ ರಬ್ಬರಿನ ಪರದೆ ಇಲ್ಲಿ ಎಣ್ಣೆಯನ್ನು ಹಿಡಿದಿಟ್ಟಿತ್ತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 1992ರಲ್ಲಿ ಮಾಡಿದ ನಿಯಮ ಈ ರಚನೆಯನ್ನು ಅರಿತೇ ಮಾಡಿದುದು. ಎಂಜಿನ್ ಬಿಸಿಯಿರುವಾಗಲೇ ಫಿಲ್ಟರನ್ನು ತೆಗೆದು, ತಲೆಯನ್ನಾಗಲಿ ಆ ಪರದೆಯನ್ನಾಗಲಿ ತೂತು ಮಾಡಿ ಬಸಿಯಬೇಕು. ಅಥವಾ ಬಸಿದು ಚಪ್ಪಟೆಯಾಗಿ ಒತ್ತಬೇಕು. ಇಲ್ಲವೆ ಬಿಚ್ಚಿ ಬಸಿಯಬೇಕು. ಹೀಗೆ ಮಾಡಿದ ಫಿಲ್ಟರು ಅಲ್ಲಿ ಅಪಾಯಕರ ತ್ಯಾಜ್ಯವೆನಿಸದು. ತವರ ಮತ್ತು ಸೀಸದ ಮಿಶ್ರಲೋಹವನ್ನು ಲೇಪಿಸಿದ ತಗಡಿನ ಫಿಲ್ಟರುಗಳಿಗೆ ಮಾತ್ರ ಈ ವಿನಾಯಿತಿ ಇಲ್ಲ. ಸೀಸವು ಬಸಿದುಹೋಗುವ ಪದಾರ್ಥವಲ್ಲವಷ್ಟೆ.

ನಮ್ಮ ದೇಶದಲ್ಲಿ ಬಳಸಿದ ಎಣ್ಣೆಯು 2016ರ ಅಪಾಯಕರ ತ್ಯಾಜ್ಯ ನಿಯಮಗಳಿಗೆ ಒಳಪಟ್ಟಿದ್ದು, ಅದನ್ನು ಅಧಿಕೃತ ಸಂಸ್ಕರಣಕಾರರಿಗೇ ಒಪ್ಪಿಸತಕ್ಕದ್ದು. ಆದರೆ ನಾವು ಕಂಡ ವರ್ಕ್‌ಶಾಪಿನಲ್ಲಿ ಎಣ್ಣೆಗೆ ಪೀಪಾಯಿ ಇತ್ತು, ಫಿಲ್ಟರಿಗೆ ಗೋಣಿಚೀಲವಿತ್ತು. ಗುಜರಿಯವನು ಕೊಳ್ಳುವುದು ಉಕ್ಕಿನ ತೂಕವನ್ನು. ಒಳಗಿನ ಎಣ್ಣೆ ಚೀಲದಿಂದ ನೆಲಕ್ಕೆ ಇಳಿಯುತ್ತಿತ್ತು.

ಈಚಿನ ಎಷ್ಟೋ ಕಾರುಗಳಲ್ಲಿ, ವಿಶೇಷವಾಗಿ ಯೂರೋಪಿನವುಗಳಲ್ಲಿ, ಬಟ್ಟಲು ಎಂಜಿನ್ನಿಗೇ ಸೇರಿ ತಿರುಳು ಮಾತ್ರ ಬದಲಾಗುವ ಹಳೆಯ ಕ್ರಮ ಮರಳಿ ಬಂದಿದೆ. ತ್ಯಾಜ್ಯದ ಲೋಹವನ್ನು ಕಡಮೆ ಮಾಡುವುದು ಇದರ ಉದ್ದೇಶಗಳಲ್ಲೊಂದು. ರಬ್ಬರಿನ ಬಳೆಯನ್ನು ಸರಿಯಾಗಿ ಕೂರಿಸುವ ಹೊಣೆಯೂ ಅದರೊಡನೆ ಮೆಕ್ಯಾನಿಕ್ಕನಿಗೆ ಮರಳಿದೆ. ಆ ತಿರುಳನ್ನೂ ಕೈಗೆತ್ತಿಕೊಂಡರೆ ಎಣ್ಣೆ ತೊಟ್ಟಿಕ್ಕುತ್ತದೆ. ಆದರೆ ಅದು ಕಣ್ಣಿಗೆ ಕಾಣುತ್ತದೆ.