ಪ್ರಕ್ರಿಯಾನುಕರಣವೂ ಉಪಾಧಿವಿಚಾರವೂ

ರಾಸಾಯನಿಕ ಕಾರ್ಖಾನೆಯನ್ನು ಕಟ್ಟುವುದಕ್ಕೆ ಮೊದಲು, ಅದರಲ್ಲಿ ನಡೆಯತಕ್ಕ ಕಾಯಿಸುವಿಕೆ, ಬೇರ್ಪಡಿಸುವಿಕೆ ಮೊದಲಾದ ವ್ಯಾಪಾರಗಳನ್ನು ಗಣಕಯಂತ್ರದಲ್ಲಿ ಸಮೀಕರಣರೂಪವಾಗಿ ನಡೆಯಿಸಿ ನೋಡುವ ಕ್ರಮವುಂಟು. ಇದನ್ನು ಪ್ರಕ್ರಿಯಾನುಕರಣವೆಂದು ಕರೆಯಬಹುದು. ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿದ್ಯಾಸಂಸ್ಥೆಯಲ್ಲಿ 1976ರಲ್ಲಿ ಆರಂಭವಾದ ‘ಆಸ್ಪೆನ್’ ಇದಕ್ಕೆ ಪ್ರಸಿದ್ಧ ನಿದರ್ಶನ, ಮುಂಬಯಿಯ ಐ.ಐ.ಟಿ.ಯ ಫೋಸಿ ಯೋಜನೆಯವರು ಬೆಲೆಯಿಲ್ಲದೆ ದೊರೆಯುವ ‘ಡಿಡಬ್ಲ್ಯೂಸಿಮ್’ ಎಂಬುದನ್ನು ವಿದ್ಯಾಲಯಗಳಲ್ಲಿ ಪ್ರಚುರಪಡಿಸಿದ್ದಾರೆ. ಶಾಸ್ತ್ರಪಾಠದಲ್ಲಿ ಬೆಳೆದ ಅಸ್ಮದಾದಿಗಳಿಗೆ ಇಲ್ಲೇನು ಕೆಲಸವೆಂದು ವಾಚಕರು ಶಂಕಿಸಬಹುದು. ಈ ಸಾಧನವನ್ನು ವಿವೇಕದಿಂದ ಬಳಸುವುದನ್ನು ಕಲಿಸುವುದು ಬಹುಮಟ್ಟಿಗೆ ತರ್ಕಪಾಠವೇ ಎಂಬುದು ನನ್ನ ಅಭಿಪ್ರಾಯ.

ಹನೂರಿನ ನೆರೆಯ ಕೊಳ್ಳೇಗಾಲ ತಾಲ್ಲೂಕಿನ ಕುಂತೂರಿನಲ್ಲಿ ಸಕ್ಕರೆ ಕಾರ್ಖಾನೆಯಿರುವುದರಿಂದ ಕಬ್ಬಿನ ದೃಷ್ಟಾಂತವೇ ನಮ್ಮ ಸೀಮೆಗೆ ಒಪ್ಪುವುದು. ಸಕ್ಕರೆ ತೆಗೆದಮೇಲೆ ಉಳಿಯುವ ಕಾಕಂಬಿಯನ್ನು ಹುಳಿಯಿಸಿ ಬಟ್ಟಿಯಿಳಿಸಿದರೆ ಮದ್ಯಸಾರವು ಬರುತ್ತದೆ. ಹನೂರಿನ ವಿದ್ಯಾರ್ಥಿಯೊಬ್ಬನು ಇಂಥ ಬಟ್ಟಿಯ ಸ್ತಂಭವನ್ನು ಯೋಜಿಸಹೊರಟು, ಫ್ರಾನ್ಸಿನ ರಾವುಲ್ಟನು 1880ರ ದಶಕದಲ್ಲಿ ಹೇಳಿದ ಸರಳ ನಿಯಮವನ್ನು ಆರಿಸಿಕೊಂಡನೆನ್ನೋಣ. ತಟ್ಟೆಗಳನ್ನು ಹೆಚ್ಚಿಸಿದರೆ ನೀರಿನ ಲೇಶವೂ ಇಲ್ಲದ ಮದ್ಯಸಾರ ದೊರೆಯುವುದೆಂದು ಯಂತ್ರವು ದಶಾಂಶದ ನಾಲ್ಕನೆಯ ಸ್ಥಾನದವರೆಗೆ ಲೆಕ್ಕಹಾಕಿ ಹೇಳುವುದು! ವಸ್ತುಸ್ಥಿತಿಯಾದರೋ ಬೇರೆ. ಸಾಧಾರಣ ವಾಯುಭಾರದಲ್ಲಿ, ತೂಕದಿಂದ ಶೇಕಡ 95.6 ಮದ್ಯಸಾರವಾದಾಗ, ಸುಮಾರು 78.2 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ದ್ರವಕ್ಕೂ ಆವಿಗೂ ಒಂದೇ ಪ್ರಮಾಣವಾಗಿಬಿಡುತ್ತದೆ. ಆಮೇಲೆ ನೂರು ತಟ್ಟೆಗಳನ್ನು ಸೇರಿಸಿದರೂ ಪ್ರಯೋಜನವಿಲ್ಲ. ಉಕ್ಕೂ ಉರುವಲೂ ವ್ಯರ್ಥ.

ಗಣಿತದಲ್ಲಿ ತಪ್ಪಿಲ್ಲ, ದೋಷವಿರುವುದು ವ್ಯಾಪ್ತಿಯಲ್ಲಿ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂಬ ಮಾತನ್ನು ನೈಯಾಯಿಕರು ಒಪ್ಪುವುದಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿ ಸೌದೆಯ ಸಂಯೋಗವು ಅಲ್ಲಿ ಉಪಾಧಿ. ರಾವುಲ್ಟನ ನಿಯಮಕ್ಕೂ ಒಂದು ಉಪಾಧಿಯುಂಟು: ಕೂಡಿದ ದ್ರವಗಳ ಅಣುಗಳು ಸ್ವಭಾವದಲ್ಲಿ ಸದೃಶವಾಗಿರಬೇಕು. ಬೆಂಜೀನು–ಟಾಲ್ವೀನುಗಳಲ್ಲಿ ಅದು ಇದೆ, ನೀರು–ಮದ್ಯಸಾರಗಳಲ್ಲಿ ಇಲ್ಲ. ಈ ವೈಷಮ್ಯವನ್ನು ಗಣಿಸುವ ಸಮೀಕರಣವನ್ನು ರೆನೋನ್ ಮತ್ತು ಪ್ರಾಸ್ನಿಟ್ಸ್ ಎಂಬವರು 1968ರಲ್ಲಿ ಕೊಟ್ಟರು. ಆದರೆ ಅದರ ಸ್ಥಿರಾಂಕಗಳೂ ಅಳೆದು ಕಂಡ ಅಂಕಿಗಳಿಂದಲೇ ಬರತಕ್ಕವು. ಅನುಮಾನಕ್ಕೆ ಪ್ರತ್ಯಕ್ಷವೇ ಉಪಜೀವ್ಯವಷ್ಟೆ.

ಆದಕಾರಣ ಅಧ್ಯಾಪಕನು ಮೊದಲು ಕಾಗದದ ಮೇಲೆ ಒಳಬಂದ ದ್ರವ್ಯಕ್ಕೂ ಹೊರಹೋದ ದ್ರವ್ಯಕ್ಕೂ ಲೆಕ್ಕ ಸರಿಹೊಂದಿಸುವುದನ್ನು ಕಲಿಸಲಿ. ಅನಂತರ ಒಂದೇ ಮಿಶ್ರಣವನ್ನು ಎರಡು ನಿಯಮಗಳಿಂದ ನಡೆಯಿಸಿ, ಉತ್ತರಗಳು ಎಲ್ಲಿ ಅಗಲುವುವೆಂದು ಕೇಳಲಿ; ಯಾವುದು ಸರಿಯೆಂಬುದನ್ನು ಪ್ರಯೋಗದ ಅಂಕಿಗಳೇ ನಿರ್ಣಯಿಸಲಿ. ಇದರಿಂದ ಪಾಠ ನಿಧಾನವಾಗುವುದೆಂಬ ಆಕ್ಷೇಪವನ್ನು ನಾನು ಗಣಿಸುವುದಿಲ್ಲ. ಪೆಟ್ರೋಲಿಗೆ ಬೆರಸುವ ಮದ್ಯಸಾರವು ಬಹುಮಟ್ಟಿಗೆ ನಿರ್ಜಲವಾಗಿರಬೇಕಾದುದರಿಂದ, ಸ್ತಂಭವು ಬಿಟ್ಟುಕೊಟ್ಟ ನೀರನ್ನು ಸೂಕ್ಷ್ಮರಂಧ್ರಗಳುಳ್ಳ ಜಿಯೊಲೈಟಿನ ಹರಳುಗಳು ಹೀರುತ್ತವೆ. ಮದ್ಯಸಾರದ ದೊಡ್ಡ ಅಣುವು ಆ ರಂಧ್ರಗಳಲ್ಲಿ ಹೊಗಲಾರದು.