ಪೋರ್ಟಿಕೋದಿಂದ ಮಣ್ಣಿನ ಟ್ರ್ಯಾಕಿಗೆ: ಹಳೇ ಎಸ್ಟೀಮ್ ಕಟ್ಟುವ ಕೆಲಸ

ಮೈಸೂರಿನ ಕುವೆಂಪುನಗರದ ಉದಯರವಿ ರಸ್ತೆ, ಪಂಚಮಂತ್ರ ರಸ್ತೆಯ ಆಚೀಚಿನ ಅಡ್ಡರಸ್ತೆಗಳಲ್ಲಿ ಇವತ್ತಿಗೂ ಹಳೇ ಮಾರುತಿ ಎಸ್ಟೀಮ್, ಝೆನ್ ಕಾರುಗಳು ಪೋರ್ಟಿಕೋದಲ್ಲಿ ಕವರ್ ಹೊದ್ದು ನಿಂತಿರುತ್ತವೆ. ಬ್ಯಾಂಕಿನವರು, ಮೇಷ್ಟ್ರುಗಳು ಸಾಲ ಮಾಡಿ ಕೊಂಡು, ಸರ್ವೀಸ್ ತಪ್ಪಿಸದೆ ಇಟ್ಟುಕೊಂಡ ಗಾಡಿಗಳವು. ಹದಿನೈದು ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಆಮೇಲಂತೂ ಇಂಥ ಗಾಡಿ ಇಟ್ಟುಕೊಂಡವರ ಮನೆಯಲ್ಲಿ ‘ಕೊಟ್ಟುಬಿಡೋಣ’ ಎಂಬ ಮಾತು ಬರುವುದು ಸಹಜ. ಗುಜರಿಗೆ ಹೋಗಬಹುದಾದ ಈ ಕಾರುಗಳಲ್ಲೇ ಹವ್ಯಾಸಿ ರೇಸಿಗೆ ಬೇಕಾದ ಒಳ್ಳೆಯ ಸರಕು ಇದೆ.

ಎಸ್ಟೀಮ್ ಬಂದದ್ದು 1994ರಲ್ಲಿ, ತಯಾರಿಕೆ ನಿಂತದ್ದು 2007ರಲ್ಲಿ. ಮೊದಮೊದಲು ಕಾರ್ಬೊರೇಟರ್ ಇಂಜಿನ್, 65 ಅಶ್ವಶಕ್ತಿ. ಆಮೇಲೆ ಬಂದ 16 ವಾಲ್ವಿನ ಎಂಪಿಎಫ್‌ಐ ಮಾದರಿಗೆ 85. ಅಂಕಿ ನೋಡಿದರೆ ದೊಡ್ಡದೇನಲ್ಲ. ಆದರೆ ಗಾಡಿಯ ತೂಕ 900 ಕೆಜಿ ಆಸುಪಾಸು, ಇಂಜಿನ್ ಬ್ಲಾಕ್ ಅಲ್ಯೂಮಿನಿಯಂ, ನಾಲ್ಕೂ ಚಕ್ರಕ್ಕೆ ಸ್ವತಂತ್ರ ಸಸ್ಪೆನ್ಷನ್. ಅದೇ ಕಾಲದ 800 ಮತ್ತು ಝೆನ್‌ಗೆ ಹಿಂದೆ ಗಟ್ಟಿ ಆಕ್ಸಲ್ ಇದೆ. ಒಂದು ಚಕ್ರ ಗುಂಡಿಗೆ ಇಳಿದರೆ ಇನ್ನೊಂದಕ್ಕೂ ಅದರ ಪೆಟ್ಟು. ಶ್ರೀಪೆರಂಬದೂರಿನ ಡಾಂಬರು ಟ್ರ್ಯಾಕಿನಲ್ಲೂ ರ‍್ಯಾಲಿಯ ಕಚ್ಚಾ ಹಾದಿಯಲ್ಲೂ ಎಸ್ಟೀಮ್ ವರ್ಷಗಟ್ಟಲೆ ಓಡಿದ್ದಕ್ಕೆ ಈ ಹಗುರ ಮೈ, ಸ್ವತಂತ್ರ ಸಸ್ಪೆನ್ಷನ್ನೇ ಕಾರಣ. ಜಿಪ್ಸಿಯ ಇಂಜಿನ್ನೂ ಇದೇ 1298 ಸಿಸಿ ಕುಟುಂಬದ್ದಾದ್ದರಿಂದ ಬಿಡಿಭಾಗಕ್ಕೆ ಪೂರ್ತಿ ಕೈಕಟ್ಟಿ ಕೂರಬೇಕಾಗಿಲ್ಲ.

ಕಾರು ಹುಡುಕುವ ಮುಂಚೆ ಓದಬೇಕಾದ್ದು ನಿಯಮಾವಳಿ. ಹವ್ಯಾಸಿ ಪಂದ್ಯಗಳಲ್ಲಿ ಕಾರುಗಳನ್ನು ಸಾಮಾನ್ಯವಾಗಿ ಇಂಜಿನ್ ಗಾತ್ರದ ಮೇಲೆ ವರ್ಗಕ್ಕೆ ಹಾಕುತ್ತಾರೆ: 1100 ಸಿಸಿವರೆಗೆ, 1400ರವರೆಗೆ, 1650ರವರೆಗೆ, ಹೀಗೆ. 993 ಸಿಸಿಯ ಝೆನ್ ಮೊದಲನೆಯದಕ್ಕೆ, ಎಸ್ಟೀಮ್ ಎರಡನೆಯದಕ್ಕೆ, 1590 ಸಿಸಿಯ ಬಲೆನೊ ಮೂರನೆಯದಕ್ಕೆ ಹೊಂದುತ್ತವೆ. ಏನನ್ನು ಬದಲಿಸಬಹುದು, ಏನನ್ನು ಮುಟ್ಟುವಂತಿಲ್ಲ ಎಂಬುದು ವರ್ಗದಿಂದ ವರ್ಗಕ್ಕೆ ಬೇರೆ. ಇದನ್ನು ಓದದೆ ಕ್ಯಾಮ್‌ಶಾಫ್ಟ್ ಬದಲಿಸಿದವರು ಪಂದ್ಯದ ಬೆಳಿಗ್ಗೆ ತಮಗಿಂತ ಎರಡು ಪಟ್ಟು ಬಲದ ಗಾಡಿಗಳ ಜೊತೆ ಮುಕ್ತ ವರ್ಗದಲ್ಲಿ ನಿಲ್ಲಬೇಕಾಗುತ್ತದೆ.

ಇನ್ನು ಆಯ್ಕೆ. ‘ಸಾರ್, ಇಂಜಿನ್ ಓಪನ್ನೇ ಆಗಿಲ್ಲ, ಕಂಪನಿ ಇಂಜಿನ್’ ಎಂದು ಮಾರುವವರು ಹೇಳುತ್ತಾರೆ. ಕೇಳಿಕೊಳ್ಳಿ, ಆದರೆ ಮೊದಲು ಬಾಡಿ ನೋಡಿ. ಇಂಜಿನ್ ಕೆಟ್ಟಿದ್ದರೆ ಮತ್ತೆ ಕಟ್ಟಬಹುದು. ಬಾಡಿ ಸೊಟ್ಟಗಾಗಿದ್ದರೆ ಯಾವ ಅಲೈನ್‌ಮೆಂಟೂ ನಿಲ್ಲುವುದಿಲ್ಲ. ಬಾನೆಟ್ ಎತ್ತಿ, ಮುಂದಿನ ಸ್ಟ್ರಟ್ ಕೂರುವ ಜಾಗದ ಸುತ್ತ ಬೆರಳಾಡಿಸಿ. ಕಾರ್ಖಾನೆಯ ಸ್ಪಾಟ್ ವೆಲ್ಡ್‌ಗಳು ಒಂದೇ ಅಂತರದ ಸಣ್ಣ ಗುಳಿಗಳಾಗಿ ಕೈಗೆ ಸಿಗುತ್ತವೆ. ಅವು ಮಾಯವಾಗಿ ನುಣ್ಣಗಿದ್ದರೆ ಅಲ್ಲಿ ಟಿಂಕರಿಂಗ್ ಆಗಿದೆ, ಪುಟ್ಟಿ ಕೂತಿದೆ. ಟೇಪ್ ಹಿಡಿದು ಎಡ ಮೂಲೆಯಿಂದ ಬಲ ಮೂಲೆಗೆ, ಬಲದಿಂದ ಎಡಕ್ಕೆ ಅಡ್ಡಡ್ಡ ಅಳೆಯಿರಿ. ಎರಡೂ ಸಮ ಬರಬೇಕು. ರನ್ನಿಂಗ್ ಬೋರ್ಡ್ ಕೆಳಗೆ, ಕಾರ್ಪೆಟ್ ಅಡಿಯಲ್ಲಿ, ಹಿಂದಿನ ಚಕ್ರದ ಕಮಾನಿನಲ್ಲಿ ತುಕ್ಕು ಹುಡುಕಿ. ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿಯಲ್ಲಿ ಬಾಳಿದ ಕಾರಿಗಿಂತ ಮೈಸೂರಿನ ಕಾರು ಇಲ್ಲಿ ಗೆಲ್ಲುತ್ತದೆ. ಕುವೆಂಪುನಗರದ ಪೋರ್ಟಿಕೋ ಗಾಡಿಯನ್ನು ನಾನು ಹೊಗಳುವುದು ಅದಕ್ಕೇ.

ಇಂಜಿನ್ ಸುಳ್ಳು ಹೇಳದ ಹಾಗೆ ಮಾಡುವ ಸಾಧನ ಕಂಪ್ರೆಷನ್ ಗೇಜ್. ಇಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ಒಂದು ಸಿಲಿಂಡರಿಗೂ ಇನ್ನೊಂದಕ್ಕೂ ಚದರ ಸೆಂಟಿಮೀಟರಿಗೆ ಒಂದು ಕೆಜಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಒತ್ತಡ ಏರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಬೆಲೆ ಮಾತಾಡಬೇಕಾದ್ದು ಇಷ್ಟಾದ ಮೇಲೆ.

ಟ್ಯೂನಿಂಗ್ ಎಂದ ಕೂಡಲೇ ಹುಡುಗರ ಕೈ ಸೈಲೆನ್ಸರಿಗೆ ಹೋಗುತ್ತದೆ. ಅಲ್ಲಿಂದ ಶುರು ಮಾಡುವುದು ಹಣ ಪೋಲು. ಮೊದಲ ದುಡ್ಡು ರೋಲ್ ಕೇಜಿಗೆ, ಸೀಟಿಗೆ, ಬೆಲ್ಟಿಗೆ ಹೋಗಬೇಕು. ಅಂತರರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಐಎ ನಿಯಮದಂತೆ ಕೇಜಿನ ಮುಖ್ಯ ಕಮಾನಿಗೆ ಬೆಸುಗೆ ಗೀಟಿಲ್ಲದ ಉಕ್ಕಿನ ಕೊಳವೆ, 45 ಮಿಮೀ ವ್ಯಾಸ, 2.5 ಮಿಮೀ ದಪ್ಪ. ಗ್ರಿಲ್ ಅಂಗಡಿಯ ಪೈಪು ಬಗ್ಗಿಸಿ ಹಾಕಿದ ಕೇಜು ಮಗುಚಿದಾಗ ಮಡಚಿ ತಲೆಗೇ ಬಡಿಯುತ್ತದೆ; ಇಂಥದ್ದರಲ್ಲಿ ಕೂರುವುದಕ್ಕಿಂತ ಪಂದ್ಯ ಬಿಡುವುದೇ ಲೇಸು. ಎರಡನೆಯ ದುಡ್ಡು ಬ್ರೇಕಿಗೆ. ಹಳೇ ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಂಡಿರುತ್ತದೆ, ಬಿಸಿಯಾದಾಗ ಕುದಿಯುತ್ತದೆ, ಪೆಡಲ್ ಪೊಳ್ಳಾಗಿ ನೆಲ ಮುಟ್ಟುತ್ತದೆ. ಪೂರ್ತಿ ಬಸಿದು, ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಇರುವ ಡಾಟ್ 4 ಹಾಕಿದರೆ ಆ ಭಯ ಬಹುಮಟ್ಟಿಗೆ ದೂರ.

ಮೂರನೆಯದು ಸಸ್ಪೆನ್ಷನ್ ಮತ್ತು ಟೈರು. ಈ ಕೆಲಸದ ಸೊಗಸೆಲ್ಲ ಇರುವುದು ಇಲ್ಲಿ. ಮುಂಚಕ್ರ ಎಳೆಯುವ ಗಾಡಿ ತಿರುವಿನಲ್ಲಿ ಮೂಗು ಹೊರಗೆ ತಳ್ಳುತ್ತದೆ, ಸ್ಟೀರಿಂಗ್ ತಿರುಗಿಸಿದಷ್ಟು ತಿರುಗುವುದಿಲ್ಲ. ಡಾಂಬರಿನಲ್ಲಿ ಇದಕ್ಕೆ ಮದ್ದು ಹಿಂಭಾಗವನ್ನು ಸ್ವಲ್ಪ ಬಿಗಿ ಮಾಡುವುದು, ಮುಂಚಕ್ರದ ಮೇಲ್ತುದಿ ಚೂರು ಒಳಕ್ಕೆ ವಾಲುವಂತೆ ಕ್ಯಾಂಬರ್ ಕೊಡುವುದು. ಎಷ್ಟು ಕೊಡಬೇಕೆಂದು ಟೈರೇ ಹೇಳುತ್ತದೆ. ನಾಲ್ಕೈದು ಸುತ್ತು ಓಡಿಸಿ ನಿಲ್ಲಿಸಿದ ಕ್ಷಣ ಟೈರಿನ ಒಳ ಅಂಚು, ನಡು, ಹೊರ ಅಂಚು, ಮೂರು ಕಡೆ ಬಿಸಿ ಅಳೆಯಬೇಕು. ನಡುಭಾಗ ಹೆಚ್ಚು ಕಾದಿದ್ದರೆ ಗಾಳಿ ಜಾಸ್ತಿ. ಹೊರ ಅಂಚು ಕಾದಿದ್ದರೆ ಕ್ಯಾಂಬರ್ ಸಾಲದು. ಮಣ್ಣಿನಲ್ಲಿ ಲೆಕ್ಕವೇ ತಿರುಗುಮುರುಗು: ಗಾಡಿ ಎತ್ತರ, ಸ್ಪ್ರಿಂಗ್ ಮೆದು, ಅಡಿಯಲ್ಲಿ ಸಂಪು ಕಾಯುವ ದಪ್ಪ ತಗಡು. ಲಲಿತಮಹಲ್ ಬಳಿಯ ಹೆಲಿಪ್ಯಾಡ್ ಮೈದಾನದಲ್ಲಿ ನಡೆಯುವ ಗ್ರಾವೆಲ್ ಫೆಸ್ಟ್ ನೋಡಿದವರಿಗೆ ಗೊತ್ತು, ಅಲ್ಲಿ ಗೆಲ್ಲುವ ಗಾಡಿ ನೇರದಲ್ಲಿ ಅಬ್ಬರಿಸುವುದಲ್ಲ, ತಿರುವಿನಿಂದ ಚಕ್ರ ಸುಮ್ಮನೆ ತಿರುಗದೆ ಹೊರಬರುವುದು.

ಇಂಜಿನ್ನಿಗೆ ಮೊದಲ ವರ್ಷ ಬೇಕಾದ್ದು ಹೊಸ ಟೈಮಿಂಗ್ ಬೆಲ್ಟ್, ವಾಲ್ವ್ ಹೊಂದಾಣಿಕೆ, ಚೊಕ್ಕ ರೇಡಿಯೇಟರ್, ಒಳ್ಳೆಯ ಪ್ಲಗ್. ಅಷ್ಟೇ ಸಾಕು.

ಹೀಗೆ ಬದಲಾದ ಕಾರನ್ನು ರಸ್ತೆಗೆ ತರುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮೂಲ ವಿನ್ಯಾಸ ತಿದ್ದುವುದನ್ನು ತಡೆಯುತ್ತದೆ. ವಿಶ್ವಮಾನವ ಜೋಡಿ ರಸ್ತೆ ಟೆಸ್ಟ್ ಟ್ರ್ಯಾಕ್ ಅಲ್ಲ. ಗಾಡಿಯನ್ನು ಟ್ರೇಲರ್ ಮೇಲೇ ಒಯ್ಯಬೇಕು, ಓಡಿಸುವವರು ದೇಶದ ಮೋಟಾರ್ ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಪರವಾನಗಿ ಪಡೆಯಬೇಕು. ಪಂದ್ಯಕ್ಕೆ ಮುಂಚೆ ಸ್ಕ್ರೂಟಿನಿ: ಬೆಲ್ಟಿನ ಮೇಲಿನ ತಾರೀಖು, ಹೆಲ್ಮೆಟ್ಟಿನ ಚೀಟಿ, ಬೆಂಕಿ ಆರಿಸುವ ಸಿಲಿಂಡರ್, ಬ್ಯಾಟರಿಯ ಕಟಾಫ್ ಸ್ವಿಚ್. ಗೆದ್ದ ಮೇಲೂ ಬಿಡುಗಡೆ ಇಲ್ಲ. ಆಕ್ಷೇಪ ಬಂದರೆ ಇಂಜಿನ್ ಬಿಚ್ಚಿಸಿ ಬೋರ್ ಅಳೆಯುತ್ತಾರೆ. ಎಸ್ಟೀಮಿಗೆ ಅದು 74 ಮಿಮೀ. ನಿಯಮ ಕೊಟ್ಟ ಸಲಿಗೆಯೊಳಗೆ ಅಷ್ಟೇ ಇದ್ದರೆ ಟ್ರೋಫಿ ಮನೆಗೆ ಬರುತ್ತದೆ.