ಬೀದರ್ ಮದರಸಾ ಕಟ್ಟಿಸಿದ್ದು ಸೋಮನಾಥ ಲೂಟಿ ಮಾಡಿದ ಮಹಮ್ಮದನೇ?

ನಿಮ್ಮ ಮೊಬೈಲ್‌ಗೆ ಇಂಥದ್ದೊಂದು ಫಾರ್ವರ್ಡ್ ಬಂದಿದೆ ಎಂದುಕೊಳ್ಳಿ. ಬೀದರ್‌ನ ಹಳೆಯ ಮದರಸಾದ ಫೋಟೋ. ಅದರ ಕೆಳಗೆ, ‘ಸೋಮನಾಥ ದೇವಾಲಯ ಲೂಟಿ ಮಾಡಿದ ಮಹಮ್ಮದ್ ಕಟ್ಟಿಸಿದ ಕಟ್ಟಡ ಇದು, ಎಲ್ಲರಿಗೂ ಶೇರ್ ಮಾಡಿ’ ಎಂಬ ಸಾಲು. ಫೋಟೋ ನಿಜ. ಸೋಮನಾಥದ ಲೂಟಿ ನಿಜ. ಮದರಸಾ ಕಟ್ಟಿಸಿದವನಿಗೂ ಅದೇ ಹೆಸರಿತ್ತು ಎಂಬುದೂ ನಿಜ. ಆದರೆ ಮೂರನ್ನೂ ಸೇರಿಸಿದರೆ ಸುಳ್ಳು. ಹೇಗೆ ಎಂದು ನೋಡೋಣ.

ಇಬ್ಬರ ನಡುವೆ 442 ವರ್ಷ

ಸೋಮನಾಥದ ಮೇಲೆ ದಾಳಿ ಮಾಡಿದವನು ಘಜ್ನಿಯ ಮಹಮೂದ್. ಇಂದಿನ ಅಫ್ಘಾನಿಸ್ತಾನದಲ್ಲಿರುವ ಘಜ್ನಿ ಅವನ ರಾಜಧಾನಿ. ದಾಳಿ ನಡೆದದ್ದು 1025-26ರಲ್ಲಿ, ಅವನು ಸತ್ತದ್ದು 1030ರಲ್ಲಿ. ಆಗ ಬೀದರ್ ಸೀಮೆ ಚಾಲುಕ್ಯರ ಆಳ್ವಿಕೆಯಲ್ಲಿತ್ತು. ಘಜ್ನಿಯವನು ಇತ್ತ ಕಡೆ ಬಂದವನೇ ಅಲ್ಲ.

ಮದರಸಾ ಕಟ್ಟಿಸಿದವನು ಮಹಮೂದ್ ಗವಾನ್. ಇರಾನಿನ ಗೀಲಾನ್‌ನಿಂದ ವ್ಯಾಪಾರಿಯಾಗಿ ಬಂದು, ಬಹಮನಿ ಸುಲ್ತಾನರ ಪ್ರಧಾನಿಯಾದವನು. ಮದರಸಾ ಪೂರ್ಣವಾದದ್ದು 1472ರಲ್ಲಿ. ಅಂದರೆ ಘಜ್ನಿಯವನು ಸತ್ತು 442 ವರ್ಷಗಳಾದ ಮೇಲೆ. ಗವಾನ್ ಕೂಡ ಯುದ್ಧ ಮಾಡಿದವನೇ. ಅದೇ ವರ್ಷ ವಿಜಯನಗರದಿಂದ ಗೋವೆಯನ್ನು ಕಿತ್ತುಕೊಂಡ. ಆದರೆ ಅದು ಅವನ ಲೆಕ್ಕ, ಸೋಮನಾಥ ಅವನ ಲೆಕ್ಕಕ್ಕೆ ಬರುವುದಿಲ್ಲ.

ಗೊಂದಲ ಏಕೆ?

ಮಹಮೂದ್ ಎಂದರೆ ಅರಬ್ಬಿಯಲ್ಲಿ ಹೊಗಳಿಕೆಗೆ ಪಾತ್ರನಾದವನು ಎಂದರ್ಥ. ಮುಹಮ್ಮದ್, ಅಹ್ಮದ್, ಹಮೀದ್ ಹೆಸರುಗಳೂ ಇದೇ ಧಾತುವಿನಿಂದ ಬಂದವು. ನಮ್ಮ ಊರುಗಳಲ್ಲಿ ಮಂಜುನಾಥ, ಬಸವರಾಜ ಎಂಬ ಹೆಸರಿನವರು ಎಷ್ಟು ಮಂದಿ ಇದ್ದಾರೋ ಹಾಗೆಯೇ ಇದೂ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಮಹಮೂದ್, ಮುಹಮ್ಮದ್ ಎರಡು ಬೇರೆ ಹೆಸರುಗಳು. ನಾವು ಹೆಚ್ಚಾಗಿ ಎರಡನ್ನೂ ‘ಮಹಮ್ಮದ್’ ಎಂದೇ ಬರೆಯುತ್ತೇವೆ. ಹಾಗಾಗಿ ಘಜ್ನಿ, ಘೋರಿ, ಬಿನ್ ತುಘಲಕ್, ಗವಾನ್ ಎಲ್ಲರೂ ಒಂದೇ ಹೆಸರಿನಡಿ ಬಂದುಬಿಡುತ್ತಾರೆ.

ಒಂದೇ ಯುದ್ಧದಲ್ಲಿ ಮೂವರು

ಹೆಸರು ಒಂದಾದರೆ ಪಕ್ಷವೂ ಒಂದೇ ಎಂದು ತಿಳಿಯುವುದು ಇನ್ನೂ ದೊಡ್ಡ ತಪ್ಪು. 1462ರಲ್ಲಿ ಮಾಳ್ವದ ಸುಲ್ತಾನ ಮಹಮೂದ್ ಖಿಲ್ಜಿ ಬೀದರ್‌ಗೆ ಮುತ್ತಿಗೆ ಹಾಕಿದ. ಬಹಮನಿ ಸಿಂಹಾಸನದ ಮೇಲಿದ್ದವನು ಪುಟ್ಟ ಹುಡುಗ. ಅವನ ಪರ ನಿಂತವನು ಮಹಮೂದ್ ಗವಾನ್. ನೆರವಿಗೆ ಸೈನ್ಯ ತಂದವನು ಗುಜರಾತಿನ ಸುಲ್ತಾನ ಮಹಮೂದ್ ಬೇಗಡಾ. ಕೊನೆಗೆ ಮಾಳ್ವದ ಮಹಮೂದ್ ಹಿಂದೆ ಸರಿಯಬೇಕಾಯಿತು. ಮೂವರ ಹೆಸರೂ ಒಂದೇ, ಧರ್ಮವೂ ಒಂದೇ. ಜಗಳ ಮಾತ್ರ ರಾಜ್ಯಕ್ಕಾಗಿ.

ಗವಾನನನ್ನು ಕೊಂದದ್ದೂ ಸುಳ್ಳು ಸಂದೇಶವೇ

ಗವಾನನ ಏಳಿಗೆ ಕಂಡು ಆಸ್ಥಾನದ ಕೆಲವರಿಗೆ ಹೊಟ್ಟೆಕಿಚ್ಚು. ಅವನ ಮೊಹರು ನೋಡಿಕೊಳ್ಳುತ್ತಿದ್ದವನನ್ನು ಒಲಿಸಿಕೊಂಡು, ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಅದರಲ್ಲಿ, ಬಹಮನಿ ರಾಜ್ಯದ ಮೇಲೆ ದಂಡೆತ್ತಿ ಬರುವಂತೆ ಒಡಿಶಾದ ರಾಜನಿಗೆ ಗವಾನನೇ ಬರೆದಂತೆ ಪತ್ರ ಬರೆದರು. ಸುಲ್ತಾನ ಮೂರನೇ ಮುಹಮ್ಮದ್ ಷಾ ವಿಚಾರಿಸಿದಾಗ, ಮೊಹರು ನನ್ನದು, ಪತ್ರ ನನ್ನದಲ್ಲ ಎಂದು ಗವಾನ್ ಹೇಳಿದ. ಸುಲ್ತಾನ ಪರಿಶೀಲಿಸುವ ಗೋಜಿಗೆ ಹೋಗಲಿಲ್ಲ. 1481ರಲ್ಲಿ ಗವಾನನ ತಲೆ ಕಡಿಸಿದ. ಸತ್ಯ ತಿಳಿದು ಪಶ್ಚಾತ್ತಾಪ ಪಟ್ಟರೂ ಹೋದ ಜೀವ ಬರಲಿಲ್ಲ. ಮರುವರ್ಷ ಸುಲ್ತಾನನೂ ತೀರಿಕೊಂಡ. ಮುಂದಿನ ದಶಕಗಳಲ್ಲಿ ಬಹಮನಿ ರಾಜ್ಯ ಐದು ಹೋಳಾಯಿತು.

ಮೊಹರು ಅಸಲಿ, ಬರಹ ನಕಲಿ. ಇಂದಿನ ಫಾರ್ವರ್ಡ್‌ನಲ್ಲೂ ಅಷ್ಟೇ: ಫೋಟೋ ಅಸಲಿ, ಕೆಳಗಿನ ಸಾಲು ನಕಲಿ.

ಶೇರ್ ಮಾಡುವ ಮುನ್ನ ಏನು ನೋಡಬೇಕು?

ಹಳೆಯ ಅರಸರ ಹೆಸರಿರುವ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾವ ಊರಿನವನು? ಯಾವ ವಂಶದವನು, ಅಥವಾ ಯಾರ ಆಸ್ಥಾನದವನು? ಯಾವ ಇಸವಿಯವನು? ಘಜ್ನಿ, ಗವಾನ್, ಬೇಗಡಾ ಎಂದು ಹೆಸರಿಗೆ ಅಂಟಿಕೊಂಡಿರುವ ಮಾತು ಗುರುತು ಹಿಡಿಯಲು ನೆರವಾಗುತ್ತದೆ. ಸಂದೇಶದಲ್ಲಿ ಆ ಮಾತೂ ಇಲ್ಲ, ಇಸವಿಯೂ ಇಲ್ಲ ಎಂದಾದರೆ ಅಲ್ಲಿಗೇ ನಿಲ್ಲಿಸಿ. ಹತ್ತು ನಿಮಿಷ ತಡವಾಗಿ ಕಳಿಸಿದರೆ ಯಾರಿಗೂ ನಷ್ಟವಿಲ್ಲ.